ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸ್ಥಳಾವಕಾಶದ ನಿರ್ವಹಣೆ ಮತ್ತು ದಾಖಲೆಗಳ ಸಂರಕ್ಷಣೆ: ಅರ್ಜಿದಾರರಿಗೆ ಮಾಹಿತಿ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಸಾರ್ವಜನಿಕರ ಉಪಯೋಗಕ್ಕಾಗಿ)

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಈಗ ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಈ ಭಾಗದ ಅನೇಕ ಮನೆಗಳಲ್ಲಿ ಇದಕ್ಕೆ ಬಳಕೆಯಾಗುವುದು ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತಾವು ಬಳಸಿ, ನಂತರ ಊರಿನ ಮನೆಗೆ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಆಗಿರುತ್ತದೆ. ಇಂತಹ ಯಂತ್ರದ ಹಾರ್ಡ್ ಡಿಸ್ಕ್ ತುಂಬಿದಾಗ ಅರ್ಜಿಯ ಪಿಡಿಎಫ್ ಇಳಿಸಿಕೊಳ್ಳಲು ಅಥವಾ ಮುದ್ರಿಸಲು ತೊಡಕಾಗುತ್ತದೆ ಮತ್ತು ಯಂತ್ರವು ನಿಧಾನವಾಗುತ್ತದೆ. ಕೊನೆಯ ದಿನಾಂಕದ ಆತುರದಲ್ಲಿ ಕೈಗೆ ಸಿಕ್ಕಿದ ಫೈಲುಗಳನ್ನು ಅಳಿಸುವುದರಿಂದ ಇದಕ್ಕಿಂತ ಹೆಚ್ಚಿನ ನಷ್ಟ ಸಂಭವಿಸಬಹುದು. ಅಳಿಸಿದ ಚಲನಚಿತ್ರವನ್ನು ಮತ್ತೆ ಪಡೆಯಬಹುದು. ಮನೆಯ ಹಿರಿಯರ ಕಾಲದ ಜಮೀನು ದಾಖಲೆಯ ಏಕೈಕ ಪ್ರತಿಯನ್ನು ಅಳಿಸಿದಲ್ಲಿ ಅದು ಮತ್ತೆ ದೊರೆಯದೇ ಹೋಗಬಹುದು. ಆದುದರಿಂದ ಯಾವುದನ್ನು ಅಳಿಸಬಹುದು, ಯಾವುದನ್ನು ಅಳಿಸಬಾರದು ಮತ್ತು ಯಾವ ಕ್ರಮದಲ್ಲಿ ಅಳಿಸಬೇಕು ಎಂಬ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಇರುವ ಸ್ಥಳದ ಲೆಕ್ಕ

‘ಮೈ ಕಂಪ್ಯೂಟರ್’ ಅಥವಾ ‘ದಿಸ್ ಪಿಸಿ’ ತೆರೆದು, ‘ಸಿ’ ಡ್ರೈವ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಆಯ್ದುಕೊಂಡರೆ ಒಟ್ಟು ಸ್ಥಳ, ಬಳಕೆಯಾದ ಸ್ಥಳ ಮತ್ತು ಉಳಿದ ಸ್ಥಳ ಕಾಣಿಸುತ್ತದೆ. ಒಟ್ಟು ಸಾಮರ್ಥ್ಯದ ಶೇ. 10ರಿಂದ 15ರಷ್ಟು ಸ್ಥಳವನ್ನು ಸದಾ ಖಾಲಿ ಇಟ್ಟುಕೊಳ್ಳುವುದು ಸೂಕ್ತ. ವಿಂಡೋಸ್ ತನ್ನ ತಾತ್ಕಾಲಿಕ ಫೈಲುಗಳಿಗೂ, ಮೆಮೊರಿ ಸಾಲದಾದಾಗ ಅದಕ್ಕೆ ಪೂರಕವಾಗಿಯೂ ಈ ಸ್ಥಳವನ್ನು ಬಳಸುತ್ತದೆ.

500 ಜಿಬಿ ಎಂದು ನಮೂದಿಸಿದ ಡಿಸ್ಕ್ ಪರದೆಯ ಮೇಲೆ ಸುಮಾರು 465 ಜಿಬಿ ಎಂದೂ, 320 ಜಿಬಿ ಡಿಸ್ಕ್ ಸುಮಾರು 298 ಜಿಬಿ ಎಂದೂ ಕಾಣಿಸುತ್ತದೆ. ಇದು ದೋಷವಲ್ಲ. ತಯಾರಕರು 1 ಜಿಬಿಯನ್ನು 100 ಕೋಟಿ ಬೈಟ್ ಎಂದು ಲೆಕ್ಕ ಹಾಕಿದರೆ, ವಿಂಡೋಸ್ ಅದನ್ನು 107,37,41,824 ಬೈಟ್ ಎಂದು ಲೆಕ್ಕ ಹಾಕುತ್ತದೆ.

2. ಮೊದಲು ವಿಂಗಡಣೆ, ನಂತರ ಅಳಿಸುವಿಕೆ

ಯಾವುದೇ ಫೈಲನ್ನು ಅಳಿಸುವ ಮೊದಲು ಕೆಳಕಂಡಂತೆ ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳತಕ್ಕದ್ದು.

(ಅ) ಮತ್ತೆ ಪಡೆಯಬಹುದಾದ ದಾಖಲೆಗಳು: ಚಾಲ್ತಿ ಪಹಣಿಯು ‘ಭೂಮಿ’ ವ್ಯವಸ್ಥೆಯಲ್ಲಿ ಲಭ್ಯವಿರುತ್ತದೆ, ಹಳೆಯ ಮುದ್ರಣದ ಪ್ರತಿಯನ್ನು ಅಳಿಸಿದರೂ ಹೊಸದನ್ನು ಪಡೆಯಬಹುದು. ನಾಡಕಚೇರಿಯಿಂದ ನೀಡಲಾದ ಜಾತಿ, ಆದಾಯ ಪ್ರಮಾಣಪತ್ರಗಳ ವಿಷಯದಲ್ಲಿ ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯನ್ನು ಒಂದು ನೋಟ್ ಪುಸ್ತಕದಲ್ಲಿ ತಪ್ಪದೇ ಬರೆದಿಟ್ಟುಕೊಳ್ಳಬೇಕು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಸಂಬಂಧಪಟ್ಟ ಸಂಸ್ಥೆಯೇ ನೇರವಾಗಿ ನೀಡಿದ ದಾಖಲೆಗಳಿಗೆ ಮೂಲ ದಾಖಲೆಗೆ ಸಮನಾದ ಮಾನ್ಯತೆ ಇದೆ. ಆದರೆ ಅರ್ಜಿದಾರರು ತಾವೇ ಸ್ಕ್ಯಾನ್ ಮಾಡಿ ಅದರಲ್ಲಿ ಸೇರಿಸಿದ ಪ್ರತಿಗೆ ಈ ಮಾನ್ಯತೆ ಇರುವುದಿಲ್ಲ.

(ಆ) ಮತ್ತೆ ದೊರೆಯಲು ಕಷ್ಟವಾದ ದಾಖಲೆಗಳು: 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಸಲ್ಲಿಸಿದ ನಮೂನೆ 7ರ ಡಿಕ್ಲರೇಶನ್, ಭೂನ್ಯಾಯ ಮಂಡಳಿಯ ಆದೇಶ, ನಮೂನೆ 10ರ ಅಧಿಭೋಗದ ಪತ್ರ, ಮೂಲಗೇಣಿ ಪತ್ರ, ಅಳಿಯಸಂತಾನ ಕುಟುಂಬಗಳ ವಿಭಾಗ ಪತ್ರ, ಹಳೆಯ ಕೈಬರಹದ ನಕಲುಗಳು, ತೀರಿಕೊಂಡವರ ಭಾವಚಿತ್ರ ಮತ್ತು ಪತ್ರಗಳು ಈ ವರ್ಗಕ್ಕೆ ಸೇರುತ್ತವೆ. ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂಸುರಕ್ಷಾ’ ಯೋಜನೆಯು 2024ರಲ್ಲಿ ಆರಂಭವಾಗಿದೆ. ಹಾಗಿದ್ದರೂ ತಮ್ಮಲ್ಲಿರುವ ಪ್ರತಿಯನ್ನು ಕಾಪಾಡಿಕೊಳ್ಳುವ ಹೊಣೆ ಕುಟುಂಬದ್ದೇ ಆಗಿರುತ್ತದೆ.

(ಇ) ದಾಖಲೆಗಳಲ್ಲದವು: ಚಲನಚಿತ್ರ, ಹಾಡು, ಮೊಬೈಲಿನಿಂದ ವರ್ಗಾಯಿಸಿದ ವಾಟ್ಸ್ಆ್ಯಪ್ ವಿಡಿಯೋ, ಬಳಕೆಯಲ್ಲಿಲ್ಲದ ತಂತ್ರಾಂಶ ಇತ್ಯಾದಿ. ಹೆಚ್ಚಿನ ಸ್ಥಳವನ್ನು ಆಕ್ರಮಿಸಿರುವುದು ಸಾಮಾನ್ಯವಾಗಿ ಈ ವರ್ಗವೇ.

ವಿಶೇಷ ಸೂಚನೆ: ಉಡುಪಿ ಜಿಲ್ಲೆಯು 1997ರಲ್ಲಿ ರಚನೆಯಾಯಿತು. ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳು 2018ರಲ್ಲಿ ಅಸ್ತಿತ್ವಕ್ಕೆ ಬಂದವು. ಆದುದರಿಂದ ಬೈಂದೂರು ಭಾಗದ ಹಳೆಯ ದಾಖಲೆಗಳಲ್ಲಿ ಕುಂದಾಪುರ ತಾಲೂಕು ಎಂದೂ, ಬ್ರಹ್ಮಾವರ ಭಾಗದವುಗಳಲ್ಲಿ ಉಡುಪಿ ತಾಲೂಕು ಎಂದೂ, 1997ಕ್ಕೂ ಹಿಂದಿನವುಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದೂ ನಮೂದಾಗಿರುತ್ತದೆ. ಹಳೆಯ ತಾಲೂಕಿನ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಅವುಗಳನ್ನು ನಿರುಪಯುಕ್ತವೆಂದು ಭಾವಿಸಿ ಅಳಿಸಬಾರದು.

3. ಸ್ಥಳ ತೆರವು ಮಾಡುವ ಕ್ರಮ

(1) ಮೊದಲು (ಆ) ವರ್ಗದ ಎಲ್ಲ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ನಕಲು ಮಾಡಿ, ಅಲ್ಲಿಂದಲೇ ಪ್ರತಿಯೊಂದನ್ನೂ ತೆರೆದು ಪರಿಶೀಲಿಸತಕ್ಕದ್ದು. ಹೆಸರು ಕಂಡ ಮಾತ್ರಕ್ಕೆ ಫೈಲು ಸರಿಯಾಗಿದೆ ಎಂದು ತಿಳಿಯಬಾರದು.

(2) ವಿಡಿಯೋಗಳನ್ನು ಪರಿಶೀಲಿಸುವುದು. ಮದುವೆಯ ಒಂದು ಡಿವಿಡಿಯನ್ನು ಹಾಗೆಯೇ ನಕಲು ಮಾಡಿದ್ದರೆ ಅದು 4.7 ಜಿಬಿವರೆಗೂ ಇರಬಹುದು. ರಾತ್ರಿಯಿಡೀ ನಡೆದ ಯಕ್ಷಗಾನ ಪ್ರಸಂಗದ ಧ್ವನಿಮುದ್ರಣಕ್ಕಿಂತ ವಿಡಿಯೋ ಹಲವು ಪಟ್ಟು ಹೆಚ್ಚು ಸ್ಥಳ ಹಿಡಿಯುತ್ತದೆ. ಉಳಿಸಿಕೊಳ್ಳಬೇಕಾದವನ್ನು ಹೊರಗಿನ ಡಿಸ್ಕ್‌ಗೆ ಸಾಗಿಸಬೇಕು.

(3) ಬಳಸದ ತಂತ್ರಾಂಶಗಳನ್ನು ‘ಕಂಟ್ರೋಲ್ ಪ್ಯಾನೆಲ್’ ಮೂಲಕವೇ ತೆಗೆಯಬೇಕು. ಅವುಗಳ ಫೋಲ್ಡರನ್ನು ನೇರವಾಗಿ ಅಳಿಸಬಾರದು.

(4) ವಿಂಡೋಸ್‌ನೊಂದಿಗೇ ಬರುವ ‘ಡಿಸ್ಕ್ ಕ್ಲೀನಪ್’ ಸೌಲಭ್ಯವನ್ನು ಬಳಸುವುದು. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ ಈ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಫೋಲ್ಡರ್ ಕೂಡ ಇರುತ್ತದೆ. ಇಳಿಸಿಕೊಂಡ ಪ್ರಮಾಣಪತ್ರಗಳು ಮತ್ತು ಅರ್ಜಿಯ ಸ್ವೀಕೃತಿಗಳು ಇರುವುದು ಅದರಲ್ಲಿಯೇ. ಆದುದರಿಂದ ಅದರ ಮುಂದೆ ಗುರುತು ಇದ್ದಲ್ಲಿ ತೆಗೆದ ನಂತರವೇ ಮುಂದುವರಿಯತಕ್ಕದ್ದು.

(5) ಕೊನೆಯದಾಗಿ ‘ರೀಸೈಕಲ್ ಬಿನ್’ ತೆರೆದು ನೋಡಿ ಖಾಲಿ ಮಾಡುವುದು. ಅಳಿಸಿದ ಫೈಲುಗಳು ಇದರಲ್ಲಿ ಇರುವವರೆಗೆ ಸ್ಥಳವು ತೆರವಾಗುವುದಿಲ್ಲ. ಖಾಲಿ ಮಾಡಿದ ಮೇಲೆ ಅವುಗಳನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಯಂತ್ರವನ್ನು ಒಂದೇ ಕ್ಷಣದಲ್ಲಿ ಶುಚಿಗೊಳಿಸುವುದಾಗಿ ಜಾಹೀರಾತು ನೀಡುವ ಅಪರಿಚಿತ ತಂತ್ರಾಂಶಗಳನ್ನು ಅಳವಡಿಸಬಾರದು. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳಿರುವ ಯಂತ್ರದಲ್ಲಿ ಇದು ಅಪಾಯಕಾರಿ.

4. ಮುಟ್ಟಬಾರದ ಫೈಲುಗಳು

‘ವಿಂಡೋಸ್’ ಮತ್ತು ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರುಗಳ ಒಳಗಿನ ಯಾವುದೇ ಫೈಲನ್ನು ಕೈಯಿಂದ ಅಳಿಸಬಾರದು.

‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳನ್ನೂ ಅವುಗಳ ಅಕ್ಷರ ಶೈಲಿಗಳನ್ನೂ ತೆಗೆಯಬಾರದು. ಯೂನಿಕೋಡ್ ಬಳಕೆಗೆ ಬರುವ ಮೊದಲು ಇವುಗಳಲ್ಲಿ ಸಿದ್ಧಪಡಿಸಿದ ಮನವಿ, ಕರಾರು ಮುಂತಾದವು ಆಯಾ ಅಕ್ಷರ ಶೈಲಿ ಇದ್ದರೆ ಮಾತ್ರ ಕನ್ನಡದಲ್ಲಿ ಕಾಣಿಸುತ್ತವೆ. ಇಲ್ಲವಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಾಗಿ ತೋರುತ್ತವೆ. ಅಕ್ಷರ ಶೈಲಿಗಳು ಹಿಡಿಯುವ ಸ್ಥಳ ಅತ್ಯಲ್ಪ, ತೆಗೆಯುವುದರಿಂದ ಲಾಭವಿಲ್ಲ. ಇಂತಹ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟುಕೊಳ್ಳುವುದು ಒಳಿತು.

‘ಹೈಬರ್ನೇಶನ್’ ವ್ಯವಸ್ಥೆಯನ್ನು ಸ್ಥಗಿತಗೊಳಿಸಿದರೆ ಒಂದೆರಡು ಜಿಬಿ ಅಥವಾ ಹೆಚ್ಚು ಸ್ಥಳ ಉಳಿಯುತ್ತದೆ ಎಂಬುದು ನಿಜ. ಆದರೆ ಬ್ಯಾಟರಿ ಮುಗಿಯುವ ಹಂತದಲ್ಲಿ ತೆರೆದಿರುವ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸುವುದು ಈ ವ್ಯವಸ್ಥೆಯೇ. ಮಳೆಗಾಲದಲ್ಲಿ ವಿದ್ಯುತ್ ಕಡಿತವಾಗುವ ಪ್ರದೇಶದವರು ಇದನ್ನು ಸ್ಥಗಿತಗೊಳಿಸದೇ ಇರುವುದು ಲೇಸು.

5. ಸ್ಕ್ಯಾನ್ ಮಾಡುವಾಗ ಗಮನಿಸಬೇಕಾದ ಅಂಶಗಳು

ಎ4 ಅಳತೆಯ ಒಂದು ಪುಟವನ್ನು ಸಂಕುಚಿತಗೊಳಿಸದೇ ಉಳಿಸಿದಲ್ಲಿ ಆಗುವ ಅಂದಾಜು ಗಾತ್ರ ಹೀಗಿದೆ:

600 ಡಿಪಿಐ, ಬಣ್ಣ – 104 ಎಂಬಿ
300 ಡಿಪಿಐ, ಬಣ್ಣ – 26 ಎಂಬಿ
300 ಡಿಪಿಐ, ಬೂದು – 9 ಎಂಬಿ
200 ಡಿಪಿಐ, ಬೂದು – 4 ಎಂಬಿ

ಹತ್ತು ಪುಟಗಳ ಒಂದು ಕ್ರಯಪತ್ರವು ಮೊದಲನೆಯ ವಿಧಾನದಲ್ಲಿ 1 ಜಿಬಿಗೂ ಹೆಚ್ಚು, ಕೊನೆಯ ವಿಧಾನದಲ್ಲಿ ಸುಮಾರು 40 ಎಂಬಿ ಸ್ಥಳ ಹಿಡಿಯುತ್ತದೆ. ಜೆಪಿಜಿ ಅಥವಾ ಪಿಡಿಎಫ್ ರೂಪದಲ್ಲಿ ಉಳಿಸಿದರೆ ಗಾತ್ರ ಮತ್ತಷ್ಟು ಇಳಿಯುತ್ತದೆ. ಶಾಯಿ ಮಾಸಿದ ಅಥವಾ ಮೊಹರು ಅಸ್ಪಷ್ಟವಾದ ಹಳೆಯ ದಾಖಲೆಯನ್ನು 300 ಡಿಪಿಐ ಬಣ್ಣದಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ಹೊರಗಿನ ಡಿಸ್ಕ್‌ನಲ್ಲಿ ಇಟ್ಟು, ಅರ್ಜಿಗೆ ಲಗತ್ತಿಸಲು ಪ್ರತ್ಯೇಕವಾಗಿ ಚಿಕ್ಕ ಪ್ರತಿಯನ್ನು ಸಿದ್ಧಪಡಿಸಬೇಕು. ಒಮ್ಮೆ ಕುಗ್ಗಿಸಿದ ಪ್ರತಿಯಿಂದ ಮೂಲದ ಸ್ಪಷ್ಟತೆ ಮರಳಿ ಬರುವುದಿಲ್ಲ. ಆದುದರಿಂದ ಇರುವ ಒಂದೇ ಪ್ರತಿಯನ್ನು ಕುಗ್ಗಿಸಬಾರದು.

6. ಎರಡನೆಯ ಪ್ರತಿಯ ಸಂರಕ್ಷಣೆ

ಮುಖ್ಯ ದಾಖಲೆಗಳ ಕನಿಷ್ಠ ಎರಡು ಪ್ರತಿಗಳು ಎರಡು ಬೇರೆ ಸಾಧನಗಳಲ್ಲಿ ಇರಬೇಕು. ಒಂದೇ ಡಿಸ್ಕ್‌ನ ‘ಸಿ’ ಮತ್ತು ‘ಡಿ’ ವಿಭಾಗಗಳಲ್ಲಿ ಇಟ್ಟರೆ ಎರಡು ಪ್ರತಿ ಎನಿಸುವುದಿಲ್ಲ; ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಸಾಧ್ಯವಿದ್ದಲ್ಲಿ ಒಂದು ಪ್ರತಿಯು ಬೇರೆ ಮನೆಯಲ್ಲಿರುವ ಮಗ, ಮಗಳು ಅಥವಾ ಒಡಹುಟ್ಟಿದವರ ಬಳಿ ಇರುವುದು ಸೂಕ್ತ.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತಿದ್ದು, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಕಡಲತೀರದ ಗ್ರಾಮಗಳಲ್ಲಿ ಗಾಳಿಯ ಉಪ್ಪಿನಂಶವೂ ಸೇರಿ ಲೋಹದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಹೊರಗಿನ ಡಿಸ್ಕ್ ಮತ್ತು ಪೆನ್‌ಡ್ರೈವ್‌ಗಳನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಯಾದ ಡಬ್ಬಿಯಲ್ಲಿ, ನೆಲಮಟ್ಟದಿಂದ ಎತ್ತರದಲ್ಲಿ ಇಡಬೇಕು. ಮಳೆಗಾಲಕ್ಕೆ ಮೊದಲು ಮತ್ತು ನಂತರ ತೆರೆದು ಪರಿಶೀಲಿಸಬೇಕು.

ಎಫ್ಎಟಿ32 ವಿಧಾನದ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದು ಫೈಲನ್ನು ಇಡಲಾಗುವುದಿಲ್ಲ. ಸ್ಥಳವಿದ್ದರೂ ನಕಲು ಆಗದಿದ್ದಲ್ಲಿ ಇದೇ ಕಾರಣವಿರಬಹುದು.

7. ಡಿಸ್ಕ್ ಕೆಡುವ ಲಕ್ಷಣಗಳು ಮತ್ತು ಹಳೆಯ ಯಂತ್ರದ ಮಿತಿ

ಡಿಸ್ಕ್‌ನಿಂದ ‘ಟಕ್ ಟಕ್’ ಶಬ್ದ ಕೇಳಿಬರುವುದು, ಫೈಲು ತೆರೆಯಲು ಅಸಾಧಾರಣ ವಿಳಂಬವಾಗುವುದು ಇತ್ಯಾದಿ ಕಂಡುಬಂದಲ್ಲಿ ಸ್ಥಳ ತೆರವು ಮಾಡುವ ಕೆಲಸಕ್ಕೆ ಕೈಹಾಕದೇ, ಮೊದಲು ದಾಖಲೆಗಳನ್ನು ನಕಲು ಮಾಡಿಕೊಳ್ಳತಕ್ಕದ್ದು. ಅನೇಕ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅಳವಡಿಸಬಹುದು; ಇದರಿಂದ ವೇಗವೂ ಹೆಚ್ಚುತ್ತದೆ. 32 ಜಿಬಿಯ ಇಎಂಎಂಸಿ ಇರುವ ಅಗ್ಗದ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುವುದರಿಂದ ಬದಲಾವಣೆ ಸಾಧ್ಯವಾಗದು.

ಎಲ್ಲ ತೊಂದರೆಗೂ ಸ್ಥಳದ ಕೊರತೆಯೇ ಕಾರಣವಲ್ಲ. ವಿಂಡೋಸ್ 7ಕ್ಕೆ 14-01-2020ರಂದು, ವಿಂಡೋಸ್ 10ಕ್ಕೆ 14-10-2025ರಂದು ತಯಾರಕರ ಸಾಮಾನ್ಯ ಬೆಂಬಲ ಮುಕ್ತಾಯವಾಗಿದೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಡಿಸ್ಕ್ ಮತ್ತು 4 ಜಿಬಿ ಮೆಮೊರಿಯೊಂದಿಗೆ ಇತರ ಅರ್ಹತೆಗಳೂ ಅಗತ್ಯ. ತಮ್ಮ ಯಂತ್ರದಲ್ಲಿ ಅರ್ಜಿ ಸಲ್ಲಿಸಲು ಆಗದವರು ಸಮೀಪದ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರವನ್ನು ಸಂಪರ್ಕಿಸಬಹುದು. ಅಲ್ಲಿಗೆ ಪೆನ್‌ಡ್ರೈವ್ ಒಯ್ಯುವವರು ಆ ಅರ್ಜಿಗೆ ಬೇಕಾದ ಪ್ರತಿಗಳನ್ನು ಮಾತ್ರ ಅದರಲ್ಲಿ ಇಟ್ಟುಕೊಳ್ಳಬೇಕು. ಸಂರಕ್ಷಣೆಗಾಗಿ ಇಟ್ಟ ಪ್ರತಿಯನ್ನು ಒಯ್ಯಬಾರದು.

8. ಹಳೆಯ ಡಿಸ್ಕ್‌ನ ವಿಲೇವಾರಿ

ಯಂತ್ರವನ್ನು ಮಾರುವಾಗ ಅಥವಾ ಗುಜರಿಗೆ ಕೊಡುವಾಗ ಫೈಲುಗಳನ್ನು ಅಳಿಸಿದರೆ ಸಾಲದು. ‘ಕ್ವಿಕ್ ಫಾರ್ಮ್ಯಾಟ್’ ಮಾಡಿದ ಡಿಸ್ಕ್‌ನಿಂದಲೂ ಆಧಾರ್ ಪ್ರತಿ ಮುಂತಾದವನ್ನು ಹೊರತೆಗೆಯಲು ಸಾಧ್ಯವಿದೆ. ಡಿಸ್ಕ್ ತೆಗೆದಿರಿಸಿಕೊಳ್ಳುವುದು ಅಥವಾ ಪೂರ್ಣವಾಗಿ ಅಳಿಸುವ ವಿಧಾನವನ್ನು ತಿಳಿದವರಿಂದ ಮಾಡಿಸುವುದು ಸುರಕ್ಷಿತ.

ಸಾರಾಂಶ

ಮೊದಲು ನಕಲು, ನಂತರ ಪರಿಶೀಲನೆ, ಕೊನೆಗೆ ಅಳಿಸುವಿಕೆ. ಈ ಕ್ರಮವನ್ನು ಅರ್ಜಿಯ ಕೊನೆಯ ದಿನದಂದಲ್ಲ, ಬಿಡುವಿರುವ ದಿನದಂದು ಅನುಸರಿಸಿ, ಕುಟುಂಬದ ದಾಖಲೆಗಳನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.