ಪ್ರಕೃತಿಗೆ ವಿರುದ್ಧ ಅಂದವರು ಯಾರು? ಗಿಡಗಳ ನಡುವೆ ಕ್ವಿಯರ್ ಪ್ರೀತಿಯ ಕಲೆ

ವಿಲೆ ಪಾರ್ಲೆ ಅಂದ ಕೂಡಲೇ ನಮಗೆ ನೆನಪಾಗೋದು ಬಿಸ್ಕತ್ತು. 1929ರಲ್ಲಿ ಶುರುವಾದ ಆ ಫ್ಯಾಕ್ಟರಿ 2016ರಲ್ಲಿ ಮುಚ್ಚಿತು. ಅಲ್ಲಿಂದ ಚರ್ಚ್‌ಗೇಟ್ ಕಡೆ ಹೋಗೋ ಲೋಕಲ್ ಹತ್ತಿದರೆ ಮುಂದಿನ ಸ್ಟೇಷನ್ ಸಾಂತಾಕ್ರೂಜ್. ಅದರ ಪೂರ್ವಕ್ಕೆ ವಾಕೋಲಾ. ಸಲಿಂಗಿಗಳಿಗಾಗಿ 1994ರಲ್ಲಿ ಹುಟ್ಟಿದ ಹಮ್‌ಸಫರ್ ಟ್ರಸ್ಟ್ ನೆಲೆ ಕಂಡುಕೊಂಡಿದ್ದು ಅಲ್ಲೇ. ಅದಕ್ಕೂ ಮೊದಲು, 1990ರಲ್ಲಿ, ಅಶೋಕ್ ರಾವ್ ಕವಿ ‘ಬಾಂಬೆ ದೋಸ್ತ್’ ಪತ್ರಿಕೆ ಶುರು ಮಾಡಿದ್ರು.

ಆಗ ಕಾನೂನು ಏನು ಹೇಳ್ತಿತ್ತು? 1860ರ ದಂಡ ಸಂಹಿತೆಯ 377ನೇ ಕಲಂ ಇಂಥ ಸಂಬಂಧವನ್ನು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ ಎಂದು ಕರೆದಿತ್ತು. ಈ ‘ಪ್ರಕೃತಿ’ ಅನ್ನೋ ಪದ ಇವತ್ತಿನ ಮಾತಿಗೆ ಮುಖ್ಯ. ಗಿಡ, ಮಣ್ಣು, ಸಮುದ್ರ ಇಟ್ಟುಕೊಂಡು ಪ್ರೀತಿಯ ಬಗ್ಗೆ ಕಲೆ ಮಾಡುವ ಕ್ವಿಯರ್ ಕಲಾವಿದರು, ತಮ್ಮ ಮೇಲೆ ಎಸೆದ ಪದವನ್ನೇ ಎತ್ತಿಕೊಂಡು ಕೆಲಸ ಮಾಡ್ತಿದ್ದಾರೆ.

ಸಸ್ಯಲೋಕದ ಕ್ರಮ ಕಾನೂನು ಊಹಿಸಿದಷ್ಟು ಸರಳವೂ ಅಲ್ಲ. 1735ರಲ್ಲಿ ಲಿನೇಯಸ್ ಗಿಡಗಳನ್ನು ಕೇಸರಗಳ ಲೆಕ್ಕದಲ್ಲಿ ವಿಂಗಡಿಸಿ, ಒಂದೇ ಹಾಸಿಗೆಯಲ್ಲಿ ಹಲವು ಗಂಡಂದಿರು ಅನ್ನೋ ಧಾಟಿಯಲ್ಲಿ ವಿವರಿಸಿದಾಗ, ಸೀಗೆಸ್‌ಬೆಕ್ ಎಂಬ ಸಸ್ಯಶಾಸ್ತ್ರಜ್ಞ ಇದು ಅಶ್ಲೀಲ ಅಂತ ಸಿಡಿದೆದ್ದ. ನಮ್ಮ ರೈತರಿಗೆ ಇದರಲ್ಲಿ ಹೊಸದೇನಿಲ್ಲ. ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ, ಎರಡೂ ಆಗಿರುವ ಗಿಡ, ಮೂರೂ ಉಂಟು. ಅಡಿಕೆಯ ಒಂದೇ ಹಿಂಗಾರದಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರ್ತವೆ.

ಆದರೆ ಗಿಡ ಹೀಗಿದೆ, ಹಾಗಾಗಿ ಮನುಷ್ಯನೂ ಹೀಗಿರಬಹುದು ಅನ್ನೋದು ದುರ್ಬಲ ವಾದ. ಒಳ್ಳೆಯ ಕಲಾವಿದರು ಅಷ್ಟಕ್ಕೇ ನಿಲ್ಲಲಿಲ್ಲ. ಇಂಗ್ಲೆಂಡಿನ ಸಿನಿಮಾ ನಿರ್ದೇಶಕ ಡೆರೆಕ್ ಜಾರ್ಮನ್‌ಗೆ 1986ರ ಕೊನೆಗೆ ಎಚ್‌ಐವಿ ಇರೋದು ಗೊತ್ತಾಯಿತು. ಡಂಜನೆಸ್‌ನ ಅಣುಸ್ಥಾವರದ ಪಕ್ಕದ ಕಲ್ಲುನೆಲದಲ್ಲಿ, ಸಮುದ್ರ ತಂದು ಹಾಕಿದ ಮರದ ತುಂಡುಗಳ ನಡುವೆ, ಬೇಲಿಯೇ ಇಲ್ಲದ ತೋಟ ಬೆಳೆಸಿದರು. 1994ರಲ್ಲಿ ತೀರಿಕೊಂಡರು. ತೋಟ ಉಳಿಯಿತು.

ಝೆಂಗ್ ಬೊ 2016ರಲ್ಲಿ ತೈವಾನಿನ ಕಾಡಿನಲ್ಲಿ ಶುರು ಮಾಡಿದ ‘ಟೆರಿಡೋಫಿಲಿಯಾ’ ವಿಡಿಯೋಗಳಲ್ಲಿ ಗಂಡಸರು ಜರಿಗಿಡಗಳ ಜೊತೆ ದೈಹಿಕ ಸಲಿಗೆಯಲ್ಲಿರ್ತಾರೆ. ನೋಡುವವರಿಗೆ ಮುಜುಗರ ಆಗುತ್ತೆ, ನಗುವೂ ಬರುತ್ತೆ. 2018ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಇದನ್ನು ತೋರಿಸಿದ್ದು ಸಸ್ಯೋದ್ಯಾನದ ಒಳಗೇ.

ನಮ್ಮವರ ಪೈಕಿ, ಮುಂಬೈನಲ್ಲಿ ಕೆಲಸ ಮಾಡಿದ ತೇಜಲ್ ಶಾ 2012ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಪ್ರದರ್ಶನಕ್ಕೆ ‘ಬಿಟ್ವೀನ್ ದಿ ವೇವ್ಸ್’ ಎಂಬ ಐದು ಪರದೆಗಳ ವಿಡಿಯೋ ಇನ್‌ಸ್ಟಲೇಶನ್ ಮಾಡಿದರು. ಹಣೆಯಲ್ಲಿ ಕೊಂಬಿರುವ ಜೀವಿಗಳು ಅಲ್ಲಿ ನೀರಿನಲ್ಲಿ ಒಂದನ್ನೊಂದು ಮುಟ್ಟುತ್ತವೆ, ಕಸದ ರಾಶಿಯ ಮೇಲೆ ಕುಣಿಯುತ್ತವೆ. ಅವು ಗಂಡೋ ಹೆಣ್ಣೋ ಮನುಷ್ಯರೋ ಅನ್ನೋ ಪ್ರಶ್ನೆಗೆ ಉತ್ತರ ಸಿಗೋದಿಲ್ಲ. ತೇಜಲ್ ತೋರಿಸುವ ಪ್ರಕೃತಿ ಕ್ಯಾಲೆಂಡರಿನ ಹಸಿರು ಚಿತ್ರ ಅಲ್ಲ, ನಾವು ಹಾಳು ಮಾಡಿಟ್ಟಿರೋದೂ ಅದರೊಳಗಿದೆ.

ಇನ್ನೊಂದು ಕಾರಣವೂ ಇದೆ: ಜಾಗ. ಬಾಗಿಲು ಹಾಕಿಕೊಳ್ಳೋಕೆ ಸ್ವಂತ ಕೋಣೆ ಇಲ್ಲದವರಿಗೆ ಪಾರ್ಕು, ಮರದ ನೆರಳೇ ಆಸರೆ. ಸುನಿಲ್ ಗುಪ್ತಾ 1986-87ರಲ್ಲಿ ತೆಗೆದ ‘ಎಕ್ಸೈಲ್ಸ್’ ಛಾಯಾಚಿತ್ರಗಳಲ್ಲಿ ದೆಹಲಿಯ ಸಲಿಂಗಿ ಗಂಡಸರು ಸ್ಮಾರಕಗಳ ಅಂಗಳದಲ್ಲಿ, ಉದ್ಯಾನಗಳಲ್ಲಿದ್ದಾರೆ. ಹಲವರ ಮುಖ ಕಾಣೋದಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕನ್ನು ಮಾತ್ರ ಒಪ್ಪಲಿಲ್ಲ. ಅಂದರೆ ಜೈಲಿನ ಭಯ ಹೋಗಿದೆ, ಬಾಡಿಗೆ ಮನೆಯ ಓನರ್ ಭಯ ಹೋಗಿಲ್ಲ. ಊರಿಂದ ಫೋನ್ ಮಾಡಿ “ಹುಡುಗಿ ನೋಡೋಣ್ವಾ?” ಅಂತ ಅಮ್ಮ ಕೇಳಿದಾಗ, ಪಕ್ಕದಲ್ಲಿ ಕೂತವನನ್ನು ರೂಮ್‌ಮೇಟ್ ಅಂತಲೇ ಹೇಳಬೇಕಾದವರು ನಮ್ಮ ಆಫೀಸುಗಳಲ್ಲೂ ಇದ್ದಾರೆ. ಈ ವಿಡಿಯೋ ನೋಡ್ತಿರೋರಲ್ಲೂ ಇರಬಹುದು. ಅಂಥವರು ನಿಮ್ಮ ಹತ್ತಿರ ಮಾತಾಡೋಕೆ ಬಂದರೆ, ದಯವಿಟ್ಟು ಪ್ರಕೃತಿಯ ಪಾಠ ಬೇಡ. ಕೂತು ಕೇಳಿ, ಸಾಕು.