ಕರುಳು, ಕೀಲು ಮತ್ತು ಮೊಸರು: ಆಹಾರೇತಿಹಾಸದ ಒಂದು ಪ್ರಶ್ನೆ

ಮೊಣಕಾಲುನೋವಿನಿಂದ ಬಳಲುವ ಹಿರಿಯರಿಗೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಪರಸ್ಪರ ವಿರುದ್ಧವಾದ ಎರಡು ಸಲಹೆಗಳು ದೊರೆಯುತ್ತವೆ. ಮೊಸರು ವಾಯುವನ್ನು ಹೆಚ್ಚಿಸುತ್ತದೆ, ಅದನ್ನು ಬಿಡಬೇಕೆಂಬುದು ಹಳೆಯ ಮಾತು. ಅದರಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳು ಕರುಳನ್ನು ಸರಿಪಡಿಸಿ ಕೀಲುಗಳನ್ನೂ ಕಾಪಾಡುವುದರಿಂದ ಅದನ್ನು ಹೆಚ್ಚಾಗಿ ಸೇವಿಸಬೇಕೆಂಬುದು ಹೊಸ ಮಾತು. ನಮ್ಮ ಪೂರ್ವಿಕರು ಇದನ್ನು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರೆಂದು ಹೊಸ ಮಾತಿನವರು ಸೇರಿಸುವುದುಂಟು. ಈ ಕೊನೆಯ ಹೇಳಿಕೆಯು ಇತಿಹಾಸಕ್ಕೆ ಸಂಬಂಧಿಸಿದುದಾದ ಕಾರಣ, ಅದನ್ನು ಆಧಾರಗಳ ಮುಂದಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ನಾಡಿನಲ್ಲಿ ಮೊಸರು ಮಜ್ಜಿಗೆಗಳ ಬಳಕೆ ಬಹು ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ, ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಕೂಡಿಸುವ ಪಾಕವೊಂದು ಬರುತ್ತದೆ. ಇದನ್ನು ಇಡ್ಲಿಯ ಪೂರ್ವರೂಪವೆಂದು ಪರಿಗಣಿಸುತ್ತಾರೆ. ಅಣ್ಣಿಗೇರಿಯು ಮುಖ್ಯಪಟ್ಟಣವಾಗಿದ್ದ ಬೆಳ್ವೊಲ-300 ಸಹ ಆ ಚಾಲುಕ್ಯರ ಆಳ್ವಿಕೆಗೊಳಪಟ್ಟಿದ್ದ ನಾಡು. ಆದರೆ ಒಂದು ಪದಾರ್ಥವನ್ನು ಉಣ್ಣುತ್ತಿದ್ದರೆಂಬುದು ಬೇರೆ. ಅದನ್ನು ಕೀಲುನೋವಿಗೆ ಮದ್ದೆಂದು ತಿಳಿದಿದ್ದರೆಂಬುದು ಬೇರೆ.

ಎರಡನೆಯದಕ್ಕೆ ವೈದ್ಯಗ್ರಂಥಗಳನ್ನೇ ಕೇಳಬೇಕು. ಜೀರ್ಣವಾಗದೆ ಉಳಿದ ‘ಆಮ’ವು ವಾತದೊಡನೆ ಕೂಡಿ ಕೀಲುಗಳಲ್ಲಿ ನೆಲೆಸುವುದರಿಂದ ಊತ, ನೋವು, ಜ್ವರಗಳುಂಟಾಗುವುವೆಂದು ಸುಮಾರು ಏಳು-ಎಂಟನೆಯ ಶತಮಾನದ ‘ಮಾಧವನಿದಾನ’ ಹೇಳುತ್ತದೆ. ಹೊಟ್ಟೆಗೂ ಕೀಲಿಗೂ ನಂಟನ್ನು ಕಲ್ಪಿಸಿದ ಈ ವಿಚಾರ ನಿಜವಾಗಿಯೂ ಗಮನಾರ್ಹವಾದುದು. ಆದರೆ ಈ ಆಮವಾತವನ್ನು ಇಂದಿನ ವೈದ್ಯರು ಸಾಮಾನ್ಯವಾಗಿ ರುಮಟಾಯ್ಡ್ ಸಂಧಿವಾತಕ್ಕೆ ಹೋಲಿಸುತ್ತಾರೆ. ವಯಸ್ಸಿನೊಡನೆ ಬರುವ ಕೀಲುಸವೆತಕ್ಕೆ ಹತ್ತಿರವಾದುದು ಚರಕಸಂಹಿತೆಯ ಸಂಧಿಗತವಾತ. ಗಾಳಿ ತುಂಬಿದ ಚರ್ಮದ ಚೀಲದಂತೆ ಕೀಲು ಊದುವುದೂ ಮಡಿಚಿ ಚಾಚುವಾಗ ನೋಯುವುದೂ ಅದರ ಲಕ್ಷಣಗಳು. ಅಲ್ಲಿ ಆಮದ ಪ್ರಸ್ತಾಪವಿಲ್ಲ.

ಇನ್ನೂ ಸೋಜಿಗದ ಸಂಗತಿಯೆಂದರೆ, ಆಮವಾತದ ರೋಗಿಯು ವರ್ಜಿಸಬೇಕಾದ ಪದಾರ್ಥಗಳಲ್ಲಿ ಮೊಸರು, ಹಾಲು, ಮೀನು, ಬೆಲ್ಲಗಳೊಡನೆ ಉದ್ದನ್ನೂ ಮುಂದಿನ ಚಿಕಿತ್ಸಾಗ್ರಂಥಗಳು ಎಣಿಸಿವೆ. ಅಂದರೆ ಚಾವುಂಡರಾಯನ ಪಾಕವು ಆ ರೋಗಿಗೆ ಅಪಥ್ಯವೇ ಸರಿ! ಮಜ್ಜಿಗೆಯನ್ನಾದರೋ ಚರಕನು ಗ್ರಹಣಿ, ಮೂಲವ್ಯಾಧಿಗಳಿಗೆ ಬಹುವಾಗಿ ಹೊಗಳಿದ್ದಾನೆ. ಮೊಸರನ್ನು ಕಡೆದು ಮಾಡಿದ ಮಜ್ಜಿಗೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಮೊಸರಿನವೇ ಆಗಿರಲು, ಒಂದನ್ನು ನಿಷೇಧಿಸಿ ಮತ್ತೊಂದನ್ನು ಹೊಗಳಿದವರ ತರ್ಕವು ಸೂಕ್ಷ್ಮಜೀವಿಗಳನ್ನು ಅವಲಂಬಿಸಿದ್ದಿರಲಾರದು. ಗುರು-ಲಘು ಗುಣಗಳ, ಜಠರಾಗ್ನಿಯ ತರ್ಕ ಅದು. ಅದಕ್ಕೆ ಅದರದೇ ಆದ ಘನತೆಯುಂಟು. ಇಂದಿನ ಪ್ರೋಬಯೋಟಿಕ್ ಎಂಬ ಹೆಸರನ್ನು ಅದಕ್ಕೆ ಹಚ್ಚುವ ಅಗತ್ಯವಿಲ್ಲ.

ಹಾಲು ಹುಳಿಯಾಗಲು ಸಜೀವ ಕಣಗಳೇ ಕಾರಣವೆಂದು ಪಾಸ್ತರನು ತೋರಿಸಿದ್ದು 1857ರಲ್ಲಿ. ಹುಳಿಹಾಲಿನ ಸೂಕ್ಷ್ಮಜೀವಿಗಳು ಕರುಳಿನ ವಿಷಗಳನ್ನು ತಡೆದು ಮುಪ್ಪನ್ನು ಮುಂದೂಡುವುವೆಂದು ಪ್ಯಾರಿಸ್ಸಿನಲ್ಲಿದ್ದ ಮೆಚ್ನಿಕೋಫನು 1907ರಲ್ಲಿ ಪ್ರತಿಪಾದಿಸಿದನು. ಇದೇ ಕಾಲದ ಮತ್ತೊಂದು ವಾದ ಅತಿರೇಕಕ್ಕೆ ಹೋಯಿತು. ಕರುಳಿನ ವಿಷವೇ ಅನೇಕ ರೋಗಗಳ ಮೂಲವೆಂದು ನಂಬಿ ಲಂಡನ್ನಿನ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನನು ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದನು. ಸಂಧಿವಾತಕ್ಕೆಂದು ಹಲ್ಲುಗಳನ್ನೂ ಗಂಟಲಿನ ಗ್ರಂಥಿಗಳನ್ನೂ ಕಳೆದುಕೊಂಡವರು ಅಸಂಖ್ಯ. ಆ ವಾದ ಬಿದ್ದುಹೋದ ಮೇಲೆ ಕೀಲುಸವೆತವನ್ನು ಬಂಡಿಯ ಅಚ್ಚಿನ ಸವೆತದಂತೆಯೇ ಬಹುಕಾಲ ಭಾವಿಸಲಾಯಿತು.

ಈಗ ಪ್ರಶ್ನೆ ಮತ್ತೆ ತೆರೆದಿದೆ. ಕೀಲುಸವೆತದಲ್ಲಿ ಮಂದವಾದ ಉರಿಯೂತವೂ ಪಾತ್ರವಹಿಸುವುದೆಂದು ಒಪ್ಪಲಾಗಿದೆ. ಕರುಳಿನ ಗೋಡೆ ಸಡಿಲಾದಾಗ ಸೂಕ್ಷ್ಮಜೀವಿಗಳ ಅಂಶಗಳು ರಕ್ತವನ್ನು ಸೇರಿ ಅದನ್ನು ಹೆಚ್ಚಿಸಬಹುದೆಂಬುದು ಊಹೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ 1,427 ಜನರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಕರುಳಿನಲ್ಲಿ ಸ್ಟ್ರೆಪ್ಟೊಕಾಕಸ್ ಹೆಚ್ಚಿದ್ದವರಲ್ಲಿ ಮೊಣಕಾಲುನೋವೂ ಹೆಚ್ಚೆಂದು ಕಂಡಿತು. ಇದು ಸಹವರ್ತನೆಯೇ ಹೊರತು ಕಾರಣದ ನಿರೂಪಣೆಯಲ್ಲ. 2017ರಲ್ಲಿ ಪ್ರಕಟವಾದ ಚೀನದ ಪ್ರಯೋಗವೊಂದರಲ್ಲಿ ಮೊಣಕಾಲು ಸವೆತದ 537 ರೋಗಿಗಳ ಪೈಕಿ ಒಂದು ಗುಂಪಿಗೆ ಆರು ತಿಂಗಳು ಲ್ಯಾಕ್ಟೊಬ್ಯಾಸಿಲಸ್ ಕೇಸೈ ಶಿರೋಟಾ ಎಂಬ ತಳಿಯನ್ನು ಕೆನೆ ತೆಗೆದ ಹಾಲಿನಲ್ಲಿ ಕೊಡಲಾಗಿ, ನೋವೂ ರಕ್ತದಲ್ಲಿನ ಉರಿಯೂತದ ಸೂಚಕವೂ ತಗ್ಗಿದುವು. ಆದರೆ ನೋವು ತಗ್ಗಿತೆಂದರೆ ಸವೆದ ಮೃದ್ವಸ್ಥಿ ಮರಳಿ ಬೆಳೆಯಿತೆಂದು ಅರ್ಥವಲ್ಲ.

ಆ ಪ್ರಯೋಗದಲ್ಲಿ ಬಳಸಿದ್ದು 1930ರಲ್ಲಿ ಜಪಾನಿನ ಮಿನೋರು ಶಿರೋಟಾ ಬೇರ್ಪಡಿಸಿ ಬೆಳೆಸಿದ ಒಂದು ನಿರ್ದಿಷ್ಟ ತಳಿ. ನಮ್ಮ ಮನೆಗಳ ಹೆಪ್ಪಿನಲ್ಲಿರುವುದು ಅದಲ್ಲ. ಅಲ್ಲಿ ಹಲವು ಬಗೆಯ ಸೂಕ್ಷ್ಮಜೀವಿಗಳ ಮಿಶ್ರಣವಿದ್ದು, ಅದು ಮನೆಯಿಂದ ಮನೆಗೆ, ಬೇಸಗೆಯಿಂದ ಮಳೆಗಾಲಕ್ಕೆ ಬದಲಾಗುತ್ತದೆ. ಚೀನದ ರೋಗಿಗಳ ಫಲವನ್ನು ಧಾರವಾಡದ ಮೊಸರಿನ ಗಡಿಗೆಗೆ ಆರೋಪಿಸಲು ಆಧುನಿಕ ವಿಜ್ಞಾನದಲ್ಲಿ ಎಷ್ಟು ಆಧಾರ ಕಡಿಮೆಯೋ, ಚರಕ-ಮಾಧವರಲ್ಲಿಯೂ ಅಷ್ಟೇ ಕಡಿಮೆ.