ಹೊಗೆಸೊಪ್ಪಿನ ಹಿಡಿತವನ್ನು ಅಳೆಯುವ ಮಾನ: ಒಂದು ಚಾರಿತ್ರಿಕ ವಿವೇಚನೆ

ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಚಳವಳಿಯಿಂದ ನಾಡಿನ ಚರಿತ್ರೆಯಲ್ಲಿ ಹೆಸರಾದ ಗ್ರಾಮ. ಆ ಗ್ರಾಮವನ್ನು ಕುರಿತು ಬರೆಯುವವರು ಆ ವರ್ಷದ ಘಟನೆಗಳನ್ನೇ ಮೊದಲಿಗೆ ನೆನೆಯುವುದು ಸಹಜ. ಆದರೆ ಜನರ ನಿತ್ಯಜೀವನಕ್ಕೂ ಒಂದು ಚರಿತ್ರೆಯುಂಟು. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಅದಕ್ಕೆ ಸೇರಿದುದು. ಒಬ್ಬ ಮನುಷ್ಯನ ಮೇಲೆ ಹೊಗೆಸೊಪ್ಪಿನ ಹಿಡಿತ ಎಷ್ಟು ಬಲವಾದುದೆಂಬುದನ್ನು ಅಳೆಯುವ ಮಾನವು ಹೇಗೆ ರೂಪುಗೊಂಡಿತು? ಸಿಗರೇಟು ಸೇದುವವರನ್ನು ಮುಂದಿಟ್ಟುಕೊಂಡು ಹುಟ್ಟಿದ ಆ ಮಾನವು ಈಸೂರಿನಂಥ ಹಳ್ಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ?

ಶಿಕಾರಿಪುರ ಸೀಮೆಯ ಪ್ರಾಚೀನ ಶಾಸನಗಳಲ್ಲಿ ಅಡಕೆಯ ತೋಟಗಳ, ಎಲೆಬಳ್ಳಿಯ ಪ್ರಸ್ತಾಪವುಂಟು, ಹೊಗೆಸೊಪ್ಪಿನ ಮಾತಿಲ್ಲ. ಜೂಜು, ಸುರಾಪಾನ ಮೊದಲಾದ ಸಪ್ತವ್ಯಸನಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿಲ್ಲ. ಅಮೆರಿಕ ಖಂಡದ ಈ ಗಿಡವು ಪೋರ್ತುಗೀಸರ ವ್ಯಾಪಾರದೊಡನೆ ನಮ್ಮಲ್ಲಿಗೆ ಬಂದುದೇ ಇದಕ್ಕೆ ಕಾರಣ. ಉತ್ತರ ಹಿಂದೂಸ್ಥಾನದ ಮೊಗಲ್ ಆಸ್ಥಾನಕ್ಕೆ ಅದು ತಲಪಿದುದು ಕನ್ನಡನಾಡಿನಿಂದಲೇ ಎಂಬುದು ಗಮನಾರ್ಹ. 1604ರ ಸುಮಾರಿಗೆ ಬಿಜಾಪುರದಿಂದ ಹಿಂದಿರುಗಿದ ಅಕ್ಬರನ ರಾಯಭಾರಿ ಅಸದ್ ಬೇಗನು ತಾನು ಅಲ್ಲಿ ಕಂಡ ತಂಬಾಕನ್ನೂ ಅಲಂಕೃತವಾದ ಸೇದುಕೊಳವೆಯನ್ನೂ ಚಕ್ರವರ್ತಿಗೆ ಒಪ್ಪಿಸಿದನು. ನಮ್ಮ ಗ್ರಂಥಗಳಲ್ಲಿ ಹೇಳಿಲ್ಲದ ಈ ಅಪರಿಚಿತ ವಸ್ತುವನ್ನು ಸೇವಿಸಬಾರದೆಂದು ಆಸ್ಥಾನದ ವೈದ್ಯನು ತಡೆದನು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿಯೂ ನೋಡಿದನು. ಹೊಗೆಸೊಪ್ಪು ಹಿತವೋ ಅಹಿತವೋ ಎಂಬುದೇ ಅಂದಿನ ವಾದ. ಅದರ ಹಿಡಿತ ಎಷ್ಟೆಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆ ಹುಟ್ಟಬೇಕಾದರೆ ಹಿಡಿಯುವ ವಸ್ತು ಯಾವುದೆಂದು ತಿಳಿಯಬೇಕಾಗಿತ್ತು. 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಎಂಬವರು ಎಲೆಯಿಂದ ನಿಕೋಟಿನ್ನನ್ನು ಬೇರ್ಪಡಿಸಿದರು. ಈಸೂರಿನ ಹೆಸರು ನಾಡಿಗೆಲ್ಲ ಮುಟ್ಟಿದ 1942ರಲ್ಲಿಯೇ ಲೆನಾಕ್ಸ್ ಜಾನ್‌ಸ್ಟನ್ ಎಂಬ ವೈದ್ಯನು, ನಿಕೋಟಿನ್ನನ್ನು ಸೂಜಿಯ ಮೂಲಕ ಕೊಟ್ಟರೆ ಸೇದುವವರ ಬಯಕೆ ಕೆಲಕಾಲ ತಣಿಯುವುದೆಂದು ಪ್ರಕಟಿಸಿದನು. ಆದರೂ 1964ರ ಅಮೆರಿಕದ ಸರ್ಕಾರಿ ವರದಿಯು ಧೂಮಪಾನವನ್ನು ಅಭ್ಯಾಸವೆಂದೇ ಕರೆಯಿತು. ಅದು ವ್ಯಸನವೆಂದು ಅಲ್ಲಿಯ ಸರ್ಕಾರಿ ವರದಿ ಸಾರಿದುದು 1988ರಲ್ಲಿ.

ಈ ಎರಡು ವರದಿಗಳ ನಡುವೆ, 1978ರಲ್ಲಿ, ಸ್ವೀಡನ್ನಿನ ಫಾಗರ್‌ಸ್ಟ್ರೋಮ್ ಎಂಟು ಪ್ರಶ್ನೆಗಳ ಒಂದು ಪಟ್ಟಿಯನ್ನು ರಚಿಸಿದನು. 1991ರಲ್ಲಿ ಅವನೂ ಹೆದರ್‌ಟನ್ ಮೊದಲಾದವರೂ ಅದನ್ನು ಆರು ಪ್ರಶ್ನೆಗಳಿಗೆ ಇಳಿಸಿದರು. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂಬುದಕ್ಕೆ ಮೂರು ಅಂಕಗಳವರೆಗೆ. ಐದು ನಿಮಿಷದೊಳಗಾದರೆ ಮೂರು, ಒಂದು ಗಂಟೆ ಕಳೆದ ಮೇಲಾದರೆ ಸೊನ್ನೆ. ದಿನಕ್ಕೆ ಎಷ್ಟು ಸಿಗರೇಟು ಎಂಬುದಕ್ಕೂ ಮೂರರವರೆಗೆ. ಹತ್ತು ಅಥವಾ ಅದಕ್ಕಿಂತ ಕಡಮೆಯಾದರೆ ಸೊನ್ನೆ. ನಿಷಿದ್ಧ ಸ್ಥಳದಲ್ಲಿ ತಡೆದಿರುವುದು ಕಷ್ಟವೇ, ಬಿಡಲು ಅತ್ಯಂತ ಕಷ್ಟವಾದುದು ಬೆಳಗಿನ ಮೊದಲನೆಯದೇ, ಬೆಳಗ್ಗೆಯೇ ಹೆಚ್ಚಾಗಿ ಸೇದುವುದುಂಟೇ, ಕಾಯಿಲೆಯಿಂದ ಮಲಗಿದಾಗಲೂ ಸೇದುವುದುಂಟೇ ಎಂಬ ಉಳಿದ ನಾಲ್ಕಕ್ಕೆ ಒಂದೊಂದು ಅಂಕ. ಒಟ್ಟು ಹತ್ತು. ಎರಡರವರೆಗೆ ಹಿಡಿತ ಅತ್ಯಲ್ಪ. ಎಂಟು ಮತ್ತು ಮೇಲ್ಪಟ್ಟರೆ ಅತಿ ಪ್ರಬಲ. ಇಷ್ಟು ಸರಳವಾದ ಮಾನವು ಲೋಕದ ನಾನಾ ಭಾಷೆಗಳಿಗೆ ಹರಡಿದುದು ಆಶ್ಚರ್ಯವಲ್ಲ.

ಈ ಮಾನವನ್ನು ಈಸೂರಿನ ಕಡೆಗೆ ತಂದು ನೋಡೋಣ. ಹೊಗೆಸೊಪ್ಪೆಂಬ ಹೆಸರಿನಲ್ಲಿ ಹೊಗೆ ಇದ್ದರೂ, ಅಡಕೆ ಬೆಳೆಯುವ ಈ ಸೀಮೆಯಲ್ಲಿ ಅದು ಎಲೆಯಡಿಕೆಯ ಸಂಚಿಯನ್ನೂ ಸೇರಿತು. ಸೊರಬ ಸಾಗರಗಳ ಕಡೆಯ ಕವಳದಲ್ಲಿ ಅದಕ್ಕೂ ಒಂದು ಪಾಲು. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇಕಡಾ 8.8, ಹೊಗೆಯಿಲ್ಲದೆ ಬಳಸುವವರು ಶೇಕಡಾ 16.3. ಅಂದರೆ ಮಾನವು ಯಾರಿಗಾಗಿ ಹುಟ್ಟಿತೋ ಅವರು ಇಲ್ಲಿ ಅಲ್ಪಸಂಖ್ಯಾತರು. ಅವರಲ್ಲಿಯೂ ಬೀಡಿಯವರನ್ನು ಕಳೆಯಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ರೈತನು ಎದ್ದೊಡನೆ ಹೊಗೆಸೊಪ್ಪಿನ ಕವಳ ಹಾಕುತ್ತಾನೆ; ದಿನದಲ್ಲಿ ಮತ್ತೆ ನಾಲ್ಕಾರು ಸಲ ಹಾಕುತ್ತಾನೆ; ನಡುನಡುವೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಐದಾರು ಸಿಗರೇಟು ಸೇದುತ್ತಾನೆ. ಮೊದಲ ಸಿಗರೇಟು ಗದ್ದೆಯ ಕೆಲಸವಾದ ಮೇಲೆ, ಆದುದರಿಂದ ಸೊನ್ನೆ. ಎಣಿಕೆ ಹತ್ತರೊಳಗೆ, ಅಲ್ಲಿಯೂ ಸೊನ್ನೆ. ನಿಷಿದ್ಧ ಸ್ಥಳದ ಪ್ರಶ್ನೆಯು ಗ್ರಂಥಾಲಯ, ಚಿತ್ರಮಂದಿರಗಳನ್ನು ನೆನೆದು ರಚಿತವಾದುದು. ಹಳ್ಳಿಯಲ್ಲಿ ಸೇದುವವನನ್ನು ತಡೆಯುವುದು ಫಲಕವಲ್ಲ, ಎದುರಿಗೆ ಕುಳಿತ ಹಿರಿಯರು. ಕೊನೆಗೆ ಅವನ ಮೇಲಿನ ಹಿಡಿತ ಅತ್ಯಲ್ಪವೆಂದು ಪಟ್ಟಿ ಹೇಳುತ್ತದೆ, ದಿನವಿಡೀ ಅವನ ರಕ್ತದಲ್ಲಿ ನಿಕೋಟಿನ್ ಇದ್ದೇ ಇರುತ್ತದೆ.

ಇದು ಕೇವಲ ಲೆಕ್ಕದ ದೋಷವಲ್ಲ. ಹಿಡಿತ ಅಲ್ಪವೆಂದು ತೀರ್ಮಾನವಾದವನಿಗೆ ಔಷಧದ ನೆರವು ದೊರೆಯದೆ ಬರಿಯ ಹಿತೋಪದೇಶ ದೊರೆಯುವ ಸಂಭವ ಹೆಚ್ಚು. ಬಿಡಲಾರದೆ ಹೋದಾಗ ಅವನ ಚಿತ್ತದಾರ್ಢ್ಯವನ್ನೇ ಜನ ಹಳಿಯುತ್ತಾರೆ. ವ್ಯಸನವನ್ನು ನೀತಿಯಿಂದ ವೈದ್ಯಕ್ಕೆ ತಂದ ಮಾನವೇ ಅವನನ್ನು ಮರಳಿ ನೀತಿಯ ಕಟಕಟೆಗೆ ನೂಕುತ್ತದೆ.

ಜಗಿಯುವವರಿಗೆಂದು 2006ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪಟ್ಟಿಯು ರಸವನ್ನು ನುಂಗುವಿರಾ ಎಂದು ಕೇಳುತ್ತದೆ. ಉಗುಳುವುದೇ ರೂಢಿಯಾದ ಕಡೆ ಈ ಪ್ರಶ್ನೆಯಿಂದ ಹೆಚ್ಚು ತಿಳಿಯದು. ಅಡಕೆಗೆ ತನ್ನದೇ ಆದ ಹಿಡಿತವುಂಟೆಂಬುದೂ ಅದರಲ್ಲಿ ಬರುವುದಿಲ್ಲ. ಫಾಗರ್‌ಸ್ಟ್ರೋಮನೇ 2012ರಲ್ಲಿ ತನ್ನ ಮಾನದ ಹೆಸರಿನಿಂದ ನಿಕೋಟಿನ್ ಎಂಬ ಪದವನ್ನು ತೆಗೆದು ಸಿಗರೇಟು ಎಂಬುದನ್ನು ಇರಿಸಿದುದು ಇಲ್ಲಿ ಸ್ಮರಣೀಯ.

ಹಾಗೆಂದು ಮಾನವನ್ನೇ ತೊರೆಯಬೇಕಾಗಿಲ್ಲ. ಎದ್ದ ಎಷ್ಟು ಹೊತ್ತಿಗೆ ಎಂಬ ಮೊದಲ ಪ್ರಶ್ನೆ ಎಲ್ಲೆಡೆಯೂ ಸಲ್ಲುವಂಥದು. ರಾತ್ರಿಯ ಉಪವಾಸದ ತರುವಾಯ ದೇಹವು ಬೇಡುವ ವೇಗವನ್ನು ಅದು ಹಿಡಿಯುತ್ತದೆ. ನಮ್ಮ ದೇಶದ 2009–10ರ ಸಮೀಕ್ಷೆಯಲ್ಲಿ ನಿತ್ಯ ಬಳಸುವವರಲ್ಲಿ ಐವರಿಗೆ ಮೂವರು ಅರ್ಧ ಗಂಟೆಯೊಳಗೆ ಹೊಗೆಸೊಪ್ಪಿಗೆ ಕೈ ಚಾಚುತ್ತಿದ್ದರು. ಗ್ರಾಮಗಳಲ್ಲಿ ಇಂಥ ಅಧ್ಯಯನವನ್ನು ಕೈಕೊಳ್ಳುವ ವಿದ್ಯಾರ್ಥಿಗಳು ಮೊದಲ ಸಿಗರೇಟು ಯಾವಾಗ ಎಂದು ಕೇಳುವ ಬದಲು, ಬೀಡಿಯಾಗಲಿ ಕವಳವಾಗಲಿ ಮೊದಲ ಹೊಗೆಸೊಪ್ಪು ಯಾವಾಗ ಎಂದು ಕೇಳಬೇಕು. ಹೊತ್ತನ್ನು ಗಡಿಯಾರದಿಂದ ಮಾತ್ರವಲ್ಲದೆ ಹಾಲು ಕರೆಯುವ, ದನ ಬಿಡುವ ವೇಳೆಗಳಿಂದಲೂ ಗುರುತಿಸಬೇಕು.